ಬಟಾಣಿಯ ನಿದ್ದೆ ಹೊತ್ತು

ಮಧ್ಯಾಹ್ನದ ಊಟ ಮುಗಿಯಿತೆಂದರೆ ಬಟಾಣಿಗೆ ಜಗತ್ತೇ ಬೇಡ. ತಟ್ಟೆಯ ಮುಂದೆಯೇ ತೂಕಡಿಸಲು ಶುರು. ಹೊಲಿಗೆ ಯಂತ್ರದ ಪಕ್ಕದ ಬಟ್ಟೆ ತುಂಡುಗಳ ರಾಶಿಯ ಮೇಲೆ ಬೋರಲಾಗಿ, ಹೆಬ್ಬೆರಳು ಬಾಯಿಗಿಟ್ಟರೆ ಮುಗಿಯಿತು. ಯಂತ್ರ ಕಿವಿಯ ಬುಡದಲ್ಲೇ ಕಡಕಡ ಎಂದರೂ ಏಳುವವಳಲ್ಲ. ಎರಡೂವರೆ ವರ್ಷದ ಈ ದುಂಡುಮುಖದ ಹುಡುಗಿಗೆ ಆ ಅಡ್ಡಹೆಸರು ಇಟ್ಟವರು ಟೈಲರಮ್ಮನ ಗಂಡ. ಬಸ್ ಓಡಿಸಿ ನಿವೃತ್ತರಾಗಿದ್ದ ಅವರಿಗೆ ಈಗ ಊರವರಿಗೆಲ್ಲ ಅಡ್ಡಹೆಸರು ಇಡುವುದೇ ಕೆಲಸ.

ಆದರೆ ಮಂಗಳವಾರ ಮತ್ತು ಶುಕ್ರವಾರ ಬಟಾಣಿಯ ನಿದ್ದೆಗೆ ಕಲ್ಲು ಬೀಳುತ್ತಿತ್ತು. ಎರಡು ಗಂಟೆಗೆ ಸರಿಯಾಗಿ ಮಕ್ಕಳ ಕಲ್ಯಾಣ ಇಲಾಖೆಯ ವಿಡಿಯೋ ಕರೆ.

ಬಟಾಣಿ ಟೈಲರಮ್ಮನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಅವಳ ತಾಯಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು. ಗಂಡ ಬಿಟ್ಟುಹೋದ ಮೇಲೆ ಕುಡಿತಕ್ಕೆ ಬಿದ್ದು, ಒಂದು ದಿನ ಮಗುವನ್ನು ಮನೆಯೊಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗಿದ್ದಳು. ಅಳು ಕೇಳಿದ ಅಕ್ಕಪಕ್ಕದವರು ಇಲಾಖೆಗೆ ತಿಳಿಸಿದರು. ಇಲಾಖೆ ಮಗುವನ್ನು ತಂದು, ಸ್ವಲ್ಪ ಕಾಲ ಸಾಕಿಕೊಡಿ ಎಂದು ಟೈಲರಮ್ಮನ ಮಡಿಲಿಗೆ ಹಾಕಿತು. ತಾಯಿ ಕುಡಿತ ಬಿಟ್ಟಳು. ವಾರವಾರ ಇಲಾಖೆಯ ಆಟದ ಕೋಣೆಗೆ ಬಂದು ಮಗಳ ಜೊತೆ ನೆಲದ ಮೇಲೆ ಕೂತು ಆಡಿದಳು. ಇನ್ನೇನು ಮಗು ಮನೆಗೆ ಹೋಗಬೇಕು ಎನ್ನುವಷ್ಟರಲ್ಲಿ ಸಾಂಕ್ರಾಮಿಕ ರೋಗ ಬಂತು. ಆಟದ ಕೋಣೆ ಮುಚ್ಚಿತು. ಆಸ್ಪತ್ರೆಯಲ್ಲಿ ಕೆಲಸ ಮಾಡುವವಳನ್ನು ಮಗುವಿನ ಹತ್ತಿರ ಬಿಡುವವರು ಯಾರು? ಭೇಟಿಗಳೆಲ್ಲ ಫೋನಿನ ಪರದೆಗೆ ಬಂದವು. ತಿಂಗಳ ಕೊನೆಗೆ ಸಮಿತಿ ಕೂರುವುದಿತ್ತು. ಮಗು ತಾಯಿಯ ಬಳಿಗೆ ಹೋಗಬೇಕೋ, ಟೈಲರಮ್ಮನ ಬಳಿಯೇ ಉಳಿಯಬೇಕೋ ಎಂಬುದು ಈ ಭೇಟಿಗಳ ಮೇಲೆ ನಿಂತಿತ್ತು.

ಆ ಶುಕ್ರವಾರವೂ ಟೈಲರಮ್ಮ ಮಲಗಿದ್ದ ಮಗುವನ್ನು ಎಬ್ಬಿಸಿ, ಒದ್ದೆ ಬಟ್ಟೆಯಿಂದ ಮುಖ ಒರೆಸಿ, ಫೋನನ್ನು ನೂಲಿನ ಡಬ್ಬಕ್ಕೆ ಒರಗಿಸಿದರು. ಪರದೆಯ ಒಂದು ಕಡೆ ಅಧಿಕಾರಿ, ತನ್ನ ಅಡುಗೆಮನೆಯಲ್ಲಿ ಕೂತಿದ್ದ ತರುಣಿ. ಇನ್ನೊಂದು ಕಡೆ ತಾಯಿ, ಲಾಂಡ್ರಿಯ ಹಿಂಬಾಗಿಲ ಮೆಟ್ಟಿಲ ಮೇಲೆ. ಊಟದ ಬಿಡುವನ್ನು ಅವಳು ಇದಕ್ಕೇ ಎತ್ತಿಟ್ಟಿದ್ದಳು.

“ಬಂಗಾರೀ, ಇಲ್ನೋಡು, ಅಮ್ಮ!”

ಬಟಾಣಿ ಒಂದು ಕಣ್ಣು ತೆರೆದಳು. ಮುಖ ಕಿವುಚಿ, ರಾಗ ತೆಗೆದು, ಟೈಲರಮ್ಮನ ಭುಜದಲ್ಲಿ ಮುಖ ಹುದುಗಿಸಿದಳು. ತಾಯಿ ಚಪ್ಪಾಳೆ ತಟ್ಟಿದಳು, ಬೆಕ್ಕಿನಂತೆ ಕೂಗಿದಳು. ಮಗು ಕಾಲಿನಿಂದ ಒದ್ದು ಫೋನನ್ನು ಬೀಳಿಸಿತು.

“ನಿದ್ದೆಗಣ್ಣಲ್ಲಿದ್ದಾಳೆ ಅನ್ಸುತ್ತೆ ಮೇಡಂ,” ಎಂದಳು ತಾಯಿ ಮೆಲ್ಲಗೆ.

“ಇದು ಅವಳು ಮಲಗೋ ಹೊತ್ತಾ ಅಮ್ಮಾ?” ಎಂದು ಅಧಿಕಾರಿ ಕೇಳಿದಳು.

“ಹಾಗೇನಿಲ್ಲ. ಇಷ್ಟು ಹೊತ್ತೂ ಚೆನ್ನಾಗೇ ಆಡ್ತಿದ್ಲು,” ಎಂದರು ಟೈಲರಮ್ಮ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿದವರಿಗೇ ಆಶ್ಚರ್ಯವಾಯಿತು. ತಾಯಿ ಎದುರಾಡಲಿಲ್ಲ. ಒಮ್ಮೆ ಮಗುವನ್ನು ಕಳೆದುಕೊಂಡವಳು ಯಾರ ಜೊತೆ ತಾನೇ ವಾದಕ್ಕೆ ನಿಂತಾಳು? ಅಧಿಕಾರಿ ನಿಟ್ಟುಸಿರು ಬಿಟ್ಟು, “ಮಗು ಹತ್ತಿರಾನೇ ಬರ್ತಿಲ್ಲ. ನಾನು ಕಂಡಿದ್ದನ್ನೇ ಸಮಿತಿಗೆ ಹೇಳಬೇಕಾಗುತ್ತೆ,” ಎಂದಳು.

ಕರೆ ಮುಗಿದ ಮೇಲೆ ಟೈಲರಮ್ಮನ ಗಂಡ ಕನ್ನಡಕದ ಮೇಲಿಂದ ನೋಡಿದರು. “ಅಲ್ಲ ಕಣೇ, ನನ್ನನ್ನ ಊಟ ಆದ ತಕ್ಷಣ ಎಬ್ಬಿಸಿದ್ರೆ ನಾನು ನಿನ್ನನ್ನೂ ಗುರುತು ಹಿಡಿಯಲ್ಲ.”

“ನಿಮಗೆ ತಮಾಷೆ. ಕುಡಿದು ಮಗೂನ ಕೂಡಿಹಾಕಿ ಹೋದವಳು ಅವಳು. ನಾಳೆ ಮತ್ತೆ ಹಾಗೆ ಮಾಡಲ್ಲ ಅಂತ ಏನು ಗ್ಯಾರಂಟಿ?”

“ಕುಡಿಯೋದು ಬಿಟ್ಟು ವರ್ಷ ಆಗ್ತಾ ಬಂತಲ್ಲ. ಪ್ರತಿ ತಿಂಗಳು ಪರೀಕ್ಷೆ ಮಾಡಿಸ್ಕೊಂಡು ಬರ್ತಿದ್ದಾಳಂತೆ.”

“ಇವಳು ಇಲ್ಲಿ ಸುಖವಾಗಿಲ್ವಾ? ಮೈಕೈ ತುಂಬ್ಕೊಂಡಿಲ್ವಾ?”

“ತುಂಬ್ಕೊಂಡಿದ್ದಾಳೆ. ಅದಕ್ಕೆ ತಾನೇ ಬಟಾಣಿ,” ಎಂದರು ಅವರು. ಹೆಂಡತಿಗೆ ಮಗುವಿನ ಮೇಲೆ ಎಷ್ಟು ಜೀವ ಎಂಬುದು ಅವರಿಗೆ ಗೊತ್ತಿತ್ತು. ಇತ್ತೀಚೆಗೆ ಮಗು ‘ದೊಡ್ಡಮ್ಮ’ ಎನ್ನುವುದನ್ನು ಬಿಟ್ಟು ‘ಅಮ್ಮ’ ಎನ್ನಲು ಶುರುಮಾಡಿದಾಗ ಟೈಲರಮ್ಮ ಒಂದು ಸಲವೂ ತಿದ್ದಿರಲಿಲ್ಲ.

ಭಾನುವಾರ ಸಂಜೆ ಬಟಾಣಿ ಸ್ನಾನ ಮುಗಿಸಿ, ಟವೆಲ್ ಸುತ್ತಿಕೊಂಡು ಮನೆ ತುಂಬ ಓಡುತ್ತಿದ್ದಳು. ದಿನದಲ್ಲಿ ಅವಳು ಅತ್ಯಂತ ಖುಷಿಯಾಗಿರುವ ಹೊತ್ತು ಅದು. ಟೈಲರಮ್ಮ ತಾವು ಹೊಲಿದ ಮಾಸ್ಕುಗಳ ಫೋಟೋವನ್ನು ಅಂಗಡಿಯವನಿಗೆ ಕಳಿಸಲು ಹೋಗಿ ಬೇರೆಲ್ಲೋ ಬೆರಳಿಟ್ಟರು. ತಾಯಿ ಕಳಿಸಿದ್ದ, ಅವರು ಕೇಳದೆಯೇ ಬಿಟ್ಟಿದ್ದ ಧ್ವನಿ ಸಂದೇಶ ಮಾತಾಡತೊಡಗಿತು.

“ಬಂಗಾರೀ, ಮೂಗೆಲ್ಲಿ? ಕಿವಿ ಎಲ್ಲಿ? ಅಮ್ಮನ ಬಂಗಾರಿ ಎಲ್ಲಿ?”

ಓಡುತ್ತಿದ್ದ ಮಗು ಗಕ್ಕನೆ ನಿಂತಿತು. ಮೂಗು ಮುಟ್ಟಿಕೊಂಡಿತು. ಎರಡೂ ಕಿವಿ ಹಿಡಿದುಕೊಂಡಿತು. ಆಮೇಲೆ ಓಡಿ ಬಂದು ಫೋನಿನ ಹಿಂದೆ ನೋಡಿತು, ಮೇಜಿನ ಕೆಳಗೆ ನೋಡಿತು, ಅಲ್ಲಿ ಯಾರೂ ಇಲ್ಲವೆಂದು ಕಂಡಾಗ ಮುಂಬಾಗಿಲಿಗೆ ಹೋಗಿ ಪುಟ್ಟ ಅಂಗೈಗಳಿಂದ ಬಡಿಯತೊಡಗಿತು. ಬಾಗಿಲಾಚೆ ಅಮ್ಮ ಬಂದಿದ್ದಾಳೆ, ತೆಗೆಯಿರಿ ಎಂಬಂತೆ ಟೈಲರಮ್ಮನನ್ನು ತಿರುಗಿ ತಿರುಗಿ ನೋಡಿತು.

ಟೈಲರಮ್ಮನಿಗೆ ನಾಚಿಕೆಯಾಯಿತು. ಮಗು ಯಾರನ್ನೂ ಮರೆತಿರಲಿಲ್ಲ. ಮರೆತಿದೆ ಎಂದು ಕಾಣುವಂತೆ ಮಾಡಿದ್ದು ತಾನು.

ಸೋಮವಾರ ಕಚೇರಿ ತೆರೆಯುವ ಹೊತ್ತಿಗೇ ಅಧಿಕಾರಿಗೆ ಫೋನು ಹೋಯಿತು. ಸುತ್ತಿ ಬಳಸಿ ಮಾತಾಡುವುದು ಟೈಲರಮ್ಮನ ಜಾಯಮಾನವಲ್ಲ.

“ಮೇಡಂ, ನಾನು ನಿಮಗೆ ಸುಳ್ಳು ಹೇಳಿದೀನಿ. ಎರಡು ಗಂಟೆ ಅವಳ ನಿದ್ದೆ ಹೊತ್ತು. ನನಗೆ ಮೊದಲಿಂದಲೂ ಗೊತ್ತಿತ್ತು.”

ಆ ಕಡೆ ಅಧಿಕಾರಿಯ ಮಗ ಹಿಂದೆಲ್ಲೋ ಬಿಸ್ಕತ್ತಿಗಾಗಿ ಅರಚುತ್ತಿದ್ದ.

“ಯಾಕಮ್ಮಾ ಹೀಗೆ ಮಾಡಿದ್ರಿ?”

“ಮಗು ನನಗೇ ಉಳೀಲಿ ಅಂತ. ಬೇಕಾದ್ರೆ ಬೈರಿ. ಆದ್ರೆ ಕರೆ ಮಾತ್ರ ಸಂಜೆ ಆರೂವರೆಗೆ ಇಟ್ಕೊಳ್ಳಿ. ಸ್ನಾನ ಆಗಿರುತ್ತೆ, ಹೊಟ್ಟೆ ತುಂಬಿರುತ್ತೆ.”

“ಐದಕ್ಕೆ ನಮ್ಮ ಕೆಲಸದ ಸಮಯ ಮುಗಿಯುತ್ತಲ್ಲ,” ಎಂದ ಅಧಿಕಾರಿ ಅರ್ಧಕ್ಕೇ ನಿಂತಳು. ತನ್ನ ಮಗನಿಗೇ ಹನ್ನೊಂದಕ್ಕೆ ಹಸಿವು, ಮೂರಕ್ಕೆ ರಂಪಾಟ ಎಂಬುದು ಮನೆಯಿಂದ ಕೆಲಸ ಮಾಡಲು ಕೂತ ಮೇಲೆ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು. “ತಪ್ಪು ನಿಮ್ಮದೊಂದೇ ಅಲ್ಲ ಬಿಡಿ. ಎರಡು ಗಂಟೆ ಅಂತ ಗೊತ್ತು ಮಾಡಿದ್ದು ನಮಗೆ ಅನುಕೂಲ ಅಂತ. ಅದು ಮಗೂಗೆ ಎಂಥಾ ಹೊತ್ತು ಅಂತ ಶುರುವಲ್ಲೇ ಕೇಳಬೇಕಿತ್ತು.”

ಆ ವಾರವೇ ಅವಳು ಮೇಲಧಿಕಾರಿಯ ಹತ್ತಿರ ಪಟ್ಟು ಹಿಡಿದಳು. ಪುಟ್ಟ ಮಕ್ಕಳ ಭೇಟಿಗಳೆಲ್ಲ ಅವರವರ ಊಟ, ನಿದ್ದೆ ನೋಡಿಕೊಂಡು ನಡೆಯತೊಡಗಿದವು. ಕೆಲಸಗಾರರು ಸಂಜೆಯ ಪಾಳಿ ಹಂಚಿಕೊಂಡರು. ಪರದೆಯ ಮುಂದೆ ಮಗುವನ್ನು ಕೂರಿಸಿ ಮಾತಾಡಿಸುವ ಶಿಕ್ಷೆಯೂ ತಪ್ಪಿತು. ಬಟಾಣಿ ತನ್ನ ಪಾಡಿಗೆ ಬಾಳೆಹಣ್ಣು ತಿನ್ನುತ್ತಿದ್ದರೆ ತಾಯಿಯೂ ಆ ಕಡೆ ಬಾಳೆಹಣ್ಣು ಸುಲಿದು ತಿನ್ನುತ್ತಿದ್ದಳು. ಮೂರನೆಯ ಸಂಜೆ ಬಟಾಣಿ ತನ್ನ ಹಣ್ಣನ್ನು ಪರದೆಗೇ ಮೆತ್ತಿ ಅಮ್ಮನಿಗೆ ತಿನ್ನಿಸಿದಳು. ಫೋನು ಒರೆಸುತ್ತ ಟೈಲರಮ್ಮ, “ನಿನ್ನ ಮಗಳು ನನ್ನ ಫೋನು ಕೆಡಿಸ್ತಾಳೆ ಕಣಮ್ಮಾ,” ಎಂದು ಗದರಿದಾಗ ತಾಯಿ ಬಾಯ್ತುಂಬ ನಕ್ಕಳು. ‘ನಿನ್ನ ಮಗಳು’ ಎಂದು ಟೈಲರಮ್ಮ ಹೇಳಿದ್ದು ಅದೇ ಮೊದಲು.

ಸಮಿತಿ ಕೂರುವ ಮುಂಚೆ ಒಂದು ನಿಜವಾದ ಭೇಟಿ ಆಗಲೇಬೇಕೆಂದು ಅಧಿಕಾರಿ ಅನುಮತಿ ತಂದಳು. ಕೋಣೆಯೊಳಗೆ ಬೇಡ, ಬಯಲಲ್ಲಿ ಆಗಬಹುದು. ತಾಯಿಗೆ ಸೋಂಕಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದಿರಬೇಕು. ಟೈಲರಮ್ಮನ ಮನೆಯ ಮುಂದಿನ ಅಂಗಳವೇ ಭೇಟಿಯ ಜಾಗವಾಯಿತು.

ತಾಯಿ ಗೇಟಿನ ಹತ್ತಿರ ನಿಂತು, ಒಂದು ಕ್ಷಣ ಮಾಸ್ಕ್ ಇಳಿಸಿ ಮುಖ ತೋರಿಸಿ, ಮತ್ತೆ ಏರಿಸಿಕೊಂಡಳು. ಬಟಾಣಿ ನಾಚಿಕೊಂಡು ಟೈಲರಮ್ಮನ ಕಾಲಿನ ಹಿಂದೆ ಅಡಗಿದಳು. ಇಣುಕಿದಳು. ಮತ್ತೆ ಅಡಗಿದಳು. ಆಟ ಜೋರಾಗಿ, ಕೇಕೆ ಹಾಕಿ ಓಡುವಾಗ ಕಾಲು ಎಡವಿ ಮಗುಚಿ ಬಿದ್ದಳು. ಮೊಣಕಾಲು ತರಚಿತು. ಉಸಿರು ಕಟ್ಟುವಂತೆ ಅತ್ತು, ಎದ್ದು, ಕೈ ಎತ್ತಿಕೊಂಡು ಟೈಲರಮ್ಮನ ಕಡೆಗೇ ಬಂದಳು.

ತಾಯಿ ಚಾಚಿದ ಕೈಯನ್ನು ಹಾಗೇ ಹಿಡಿದು ನಿಂತಳು. ಅಧಿಕಾರಿ ನೋಡುತ್ತಿದ್ದಳು. ಎಲ್ಲರಿಗಿಂತ ಹತ್ತಿರ ಇದ್ದವರು ಟೈಲರಮ್ಮ. ಬಗ್ಗಿದರೆ ಸಾಕು, ಮಗು ಎದೆಗೆ ಬರುತ್ತಿತ್ತು. ಮುಂದೆ ಬಂದ ತಮ್ಮ ಎರಡೂ ಕೈಗಳನ್ನು ಅವರು ಬೆನ್ನ ಹಿಂದಕ್ಕೆ ತೆಗೆದುಕೊಂಡು, ಒಂದರಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದರು.

“ಅಮ್ಮ ಅಲ್ಲಿದ್ದಾಳೆ ನೋಡು ಕಂದಾ. ಹೋಗು.”

ಮಗು ಅಳು ನಿಲ್ಲಿಸಿ ಅವರನ್ನು ಮೇಲೆ ಕೆಳಗೆ ನೋಡಿತು. ಆಮೇಲೆ ತಿರುಗಿತು. ಅಷ್ಟರಲ್ಲಿ ತಾಯಿ ನೆಲಕ್ಕೆ ಮಂಡಿಯೂರಿದ್ದಳು. ಬಟಾಣಿ ಕುಂಟುತ್ತಲೇ ಓಡಿ ಅವಳ ಕೊರಳಿಗೆ ಬಿದ್ದು, ಉಳಿದ ಅಳುವನ್ನೆಲ್ಲ ಅಲ್ಲೇ ಅತ್ತಳು.

“ಸಮಿತಿಗೆ ಏನು ಹೇಳಬೇಕು ಅಂತ ಈಗ ಗೊತ್ತಾಯ್ತು,” ಎಂದಳು ಅಧಿಕಾರಿ.

ಬಾಗಿಲಲ್ಲಿ ನಿಂತಿದ್ದ ಗಂಡ ಹತ್ತಿರ ಬಂದು, ಟೈಲರಮ್ಮನ ಬೆನ್ನ ಹಿಂದೆ ಇನ್ನೂ ಬಿಗಿದೇ ಇದ್ದ ಕೈಗಳನ್ನು ನೋಡಿ ಮೆಲ್ಲಗೆ ಹೇಳಿದರು. “ಆಯ್ತಲ್ಲೇ. ಇನ್ನು ಕೈ ಬಿಡು.”

“ಇರ್ರಿ,” ಎಂದರು ಟೈಲರಮ್ಮ. “ಇನ್ನೂ ಸ್ವಲ್ಪ ಹೊತ್ತು ಹೀಗೇ ಇರ್ಲಿ.”