ಒಡ್ಡಿನ ಮೇಲೆ ಯಾರೂ ಇರಲಿಲ್ಲ

ಟೋಕಿಯೋದ ಟೊಯೊಸು ಸ್ಟೇಷನ್ನಿನ ಹಿಂದಿನ ಒಂದು ಕಟ್ಟಡದಲ್ಲಿ ನಾವು ಕೆಲವು ಕನ್ನಡಿಗರು ಸೇರಿ ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದೆವು. ಆರುನೂರು ವರ್ಷಗಳ ಹಿಂದಿನ ಫ್ರೀಸಿಯಾದ ನಾಯಕರ ಕಾದಾಟದ ಗೇಮ್. ಫ್ರೀಸಿಯಾ ಎಲ್ಲಿದೆ ಎಂದು ನಿಮಗೆ ಗೊತ್ತಿಲ್ಲದಿದ್ದರೆ ಸಂಕೋಚ ಬೇಡ, ಪ್ರಾಜೆಕ್ಟ್ ಕೈಗೆ ಬಂದ ದಿನ ನಮ್ಮ ಇಬ್ಬರು ಲೀಡ್‌ಗಳಿಗೂ ಗೊತ್ತಿರಲಿಲ್ಲ. ಈಗಿನ ಹಾಲೆಂಡ್, ಜರ್ಮನಿಗಳ ಉತ್ತರದ ಕರಾವಳಿ ಅದು. ತಗ್ಗು ನೆಲ, ಹಸು, ಕೆಸರು, ಗಾಳಿ. ನಮಗೆ ರಾಜನಿಲ್ಲ, ನಾವು ಯಾರಿಗೂ ತಲೆಬಾಗುವವರಲ್ಲ ಎಂದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಜನ. ಅವರಲ್ಲಿ ನಾಲ್ಕು ಹಸು ಹೆಚ್ಚಿದ್ದವನೊಬ್ಬ ಇಟ್ಟಿಗೆಯ ಮನೆ ಕಟ್ಟಿದ, ಗೋಡೆ ದಪ್ಪ ಮಾಡಿದ, ಕಿಟಕಿ ಸಣ್ಣದು ಮಾಡಿದ, ಆಮೇಲೆ ತಾನೇ ನಾಯಕ ಎಂದ. ಪಕ್ಕದ ಊರಿನವನು ಸುಮ್ಮನಿರುತ್ತಾನೆಯೇ? ಅವನೂ ಕಟ್ಟಿದ. ಅಲ್ಲಿಂದ ಮುಂದೆ ತಲೆತಲಾಂತರ ಒಬ್ಬರ ದನ ಒಬ್ಬರು ಹೊಡೆದುಕೊಂಡು, ಕಡಲ್ಗಳ್ಳರಿಗೆ ಜಾಗ ಕೊಟ್ಟು ಪಾಲು ತಿಂದು, ಬೆಳಿಗ್ಗೆ ಮಾಡಿಕೊಂಡ ಒಪ್ಪಂದವನ್ನು ಸಂಜೆ ಮುರಿದುಕೊಂಡು ಬದುಕಿದರು. ಇದನ್ನು ಇತಿಹಾಸ ಎನ್ನುತ್ತಾರೆ. ನಮ್ಮ ಆಫೀಸಿನಲ್ಲಿ ಇದನ್ನೇ ಸ್ಟ್ರಾಟೆಜಿ ಎನ್ನುತ್ತಿದ್ದರು.

ಗೇಮಿನಲ್ಲಿ ಇಬ್ಬರು ನಾಯಕರು. ಪಶ್ಚಿಮದ ನಾಯಕನನ್ನು ರೂಪಿಸುವ ತಂಡಕ್ಕೆ ಮಧುಕರ್ ಲೀಡ್. ಪೂರ್ವದವನ ತಂಡಕ್ಕೆ ರಾಮಪ್ರಸಾದ್. ಇಬ್ಬರನ್ನೂ ಬೆಂಗಳೂರಿನ ಒಂದೇ ಕಂಪನಿ ಕಳಿಸಿತ್ತು, ಒಂದೇ ಪದವಿ ಕೊಟ್ಟಿತ್ತು. ಯಾರು ದೊಡ್ಡವರು ಎಂಬುದನ್ನು ಮಾತ್ರ ಹೇಳಿರಲಿಲ್ಲ. ಆ ಕೊರತೆಯನ್ನು ಇವರೇ ತುಂಬಿಕೊಂಡರು. ರಾಮಪ್ರಸಾದ್ ಕಿಟಕಿಯ ಪಕ್ಕದ ಜಾಗ ಹಿಡಿದರು. ಮಧುಕರ್ ಎರಡು ಮಾನಿಟರ್ ತರಿಸಿಕೊಂಡ. ರಾಮಪ್ರಸಾದ್ ಮಧ್ಯಾಹ್ನ ತಮ್ಮ ಹುಡುಗರನ್ನು ಕಟ್ಟಿಕೊಂಡು ಇಂಡಿಯನ್ ಹೋಟೆಲಿಗೆ ಹೊರಟರೆ, ಮಧುಕರ್ ತನ್ನವರನ್ನು ಕರೆದುಕೊಂಡು ಕೊಂಬಿನಿ ಎಂಬ ಮೂಲೆಯಂಗಡಿಗೆ ಹೋಗಿ ತಣ್ಣನೆಯ ಅನ್ನದ ಉಂಡೆ ತಿನ್ನಿಸುತ್ತಿದ್ದ. ಯಾರು ಯಾರ ಜೊತೆ ಉಂಡರು ಎಂಬುದರ ಮೇಲೆ ಯಾರು ಯಾರ ಕಡೆ ಎಂದು ತೀರ್ಮಾನವಾಗುತ್ತಿತ್ತು. ನಾನು ಡಬ್ಬಿ ಒಯ್ಯುತ್ತಿದ್ದೆ. ಹಾಗಾಗಿ ಇಬ್ಬರಿಗೂ ನನ್ನ ಮೇಲೆ ಅನುಮಾನ.

ನನ್ನ ಕೆಲಸ ಸಮುದ್ರ. ಉಬ್ಬರ, ಇಳಿತ, ಬಿರುಗಾಳಿ, ಕಡಲನ್ನು ತಡೆಯುವ ಮಣ್ಣಿನ ಒಡ್ಡು, ಅದು ಒಡೆದರೆ ನುಗ್ಗುವ ನೀರು. ಅದರಲ್ಲಿ ಕತ್ತಿಯಿಲ್ಲ, ಕುದುರೆಯಿಲ್ಲ, ಆದ್ದರಿಂದ ಅದಕ್ಕಾಗಿ ಯಾರೂ ಜಗಳವಾಡಿರಲಿಲ್ಲ.

ಆ ಸಲದ ಡೆಮೊ ನನಗೆ ಮುಖ್ಯವಾಗಿತ್ತು. ಗೇಮಿಗೆ ದುಡ್ಡು ಹಾಕುತ್ತಿದ್ದ ಜಪಾನಿ ಸಂಸ್ಥೆಯ ಒಗಾವಾ-ಸಾನ್ ಅದನ್ನು ನೋಡಿ, ಮುಂದಿನ ಹಂತ ಟೋಕಿಯೋದಲ್ಲೇ ನಡೆಯಬೇಕೋ ಬೆಂಗಳೂರಿಗೆ ಹೋಗಬೇಕೋ ಹೇಳುವವರಿದ್ದರು. ಬೆಂಗಳೂರಿಗೆ ಹೋದರೆ ಅದರ ಜೊತೆ ನಾನೂ ಹೋಗಬೇಕು. ನನ್ನ ಮಗಳು ಹಂಸಾ ಇಲ್ಲಿನ ಶಾಲೆಯಲ್ಲಿ ಆರನೆಯ, ಅಂದರೆ ಕೊನೆಯ ಕ್ಲಾಸು. ಒಂದನೇ ಕ್ಲಾಸಿನಿಂದ ಬೆನ್ನಿಗೆ ಅದೇ ಕೆಂಪು ಚೀಲ ಹೊತ್ತು, ಅದೇ ಮಕ್ಕಳ ಜೊತೆ ಸಾಲಿನಲ್ಲಿ ನಡೆದು ಹೋದವಳು. ಮಾರ್ಚ್‌ನಲ್ಲಿ ಬೀಳ್ಕೊಡುಗೆ ಸಮಾರಂಭ. ಅದಕ್ಕೆ ಮೊದಲು ಹೊರಡುವಂತಾದರೆ ತಾನು ಬರುವುದೇ ಇಲ್ಲ, ಗೆಳತಿಯ ಮನೆಯಲ್ಲಿ ಇದ್ದುಬಿಡುತ್ತೇನೆ ಎಂದು ಜಪಾನಿಯಲ್ಲೇ ಹೇಳಿದ್ದಳು. ಜಗಳಕ್ಕೆ ಅವಳಿಗೆ ಕನ್ನಡ ಸಾಲದು. ನನ್ನನ್ನು ಇಲ್ಲೇ ಮುಂದುವರಿಸಲು ಇನ್ನೊಂದು ವಿಷಯವೂ ಬೇಕಿತ್ತು. ಇಬ್ಬರು ಲೀಡ್‌ಗಳೂ ಒಪ್ಪಿ ಸಹಿ ಹಾಕಬೇಕಿತ್ತು.

ಡೆಮೊ ಎಂದರೆ ಒಗಾವಾ-ಸಾನ್ ಎದುರು ಮಧುಕರ್ ಮತ್ತು ರಾಮಪ್ರಸಾದ್ ಇಬ್ಬರೂ ಕೂತು, ತಮ್ಮ ತಮ್ಮ ನಾಯಕನನ್ನು ಆಡಿಸುವುದು. ಹಿಂದಿನ ದಿನ ಮಧುಕರ್ ನನ್ನ ಮೇಜಿನ ಹತ್ತಿರ ಬಂದು ಕುರ್ಚಿ ಎಳೆದುಕೊಂಡ. ಕಾತ್ಯಾಯಿನಿಯಾದ ನನ್ನನ್ನು ಕಾತ್ಯಾ ಎಂದು ಕರೆಯುವವನು ಪ್ರಪಂಚದಲ್ಲಿ ಅವನೊಬ್ಬನೇ.

"ಕಾತ್ಯಾ, ನನ್ ಸೈಡ್ ಒಡ್ಡಿನ ಮೇಲಿರೋ ಜನಾನೆಲ್ಲ ಆರ್ಮಿಗೆ ಶಿಫ್ಟ್ ಮಾಡಿ. ನಾಳೆ ಒಂದಿನಕ್ಕಷ್ಟೆ. ರಾಮಪ್ರಸಾದ್ ಅವ್ರಿಗ್ ಹೇಳ್ಬೇಡಿ."

"ಒಡ್ಡು ಯಾರು ನೋಡ್ಕೋತಾರೆ?"

"ಅವ್ರ್ ಕಡೇದು ಇರತ್ತಲ್ಲ. ಆ ಮನುಷ್ಯನಿಗೆ ಒಡ್ಡು ಕಾಯೋದು ಬಿಟ್ರೆ ಇನ್ನೇನ್ ಬರತ್ತೆ?"

ಅವನು ಹೋದ. ನಾನು ಚಹಾ ಬಿಸಿ ಮಾಡಿಕೊಂಡು ಬರುವಷ್ಟರಲ್ಲಿ ರಾಮಪ್ರಸಾದ್ ಅದೇ ಕುರ್ಚಿಯಲ್ಲಿ ಕೂತಿದ್ದರು. ಕುರ್ಚಿ ಇನ್ನೂ ಬೆಚ್ಚಗಿದ್ದಿರಬೇಕು. ಅವರ ಮಾತು ಇನ್ನಷ್ಟು ಗಂಭೀರ, ಬೇಡಿಕೆ ಮಾತ್ರ ಅದೇ: ತಮ್ಮ ಒಡ್ಡಿನ ಆಳುಗಳು ಸೈನ್ಯಕ್ಕೆ ಹೋಗಬೇಕು, ವಿಷಯ ಮಧುಕರ್ ಕಿವಿಗೆ ಬೀಳಬಾರದು. ಒಡ್ಡಿನ ಗತಿಯೇನು ಎಂದು ಕೇಳಿದ್ದಕ್ಕೆ, ಮಧುಕರ್ ಹೆದರುಪುಕ್ಕಲ, ಅವನು ತನ್ನ ಭಾಗವನ್ನು ಬಿಡುವವನಲ್ಲ ಎಂದರು.

ಗೇಮಿನ ಸಮುದ್ರಕ್ಕೆ ಪೂರ್ವ, ಪಶ್ಚಿಮ ಗೊತ್ತಿಲ್ಲ. ಎಲ್ಲಿ ಒಡೆದರೂ ನೀರು ಎರಡೂ ಕಡೆ ಹೋಗುತ್ತದೆ. ಇಬ್ಬರೂ ಇಂಜಿನಿಯರಿಂಗ್ ಓದಿದವರು. ನನಗೆ ನನ್ನ ಸಹಿಗಳು ಬೇಕಿದ್ದವು, ಹಾಗಾಗಿ ಇಬ್ಬರು ಹೇಳಿದ್ದನ್ನೂ ಮಾಡಿದೆ. ಡೆಮೊ ಮುಳುಗುವುದೂ ಬೇಡವಾಗಿತ್ತು. ಆದ್ದರಿಂದ ಸಂಜೆಯ ಮೀಟಿಂಗಿನಲ್ಲಿ ಇಬ್ಬರ ಎದುರಿಗೇ ಹೇಳಿಬಿಟ್ಟೆ: ಈಗ ಒಡ್ಡಿನ ಮೇಲೆ ಯಾವ ಕಡೆಯವರೂ ಇಲ್ಲ, ಡೆಮೊದಲ್ಲಿ ಬಿರುಗಾಳಿ ಬಂದರೆ ಉಳಿಯುವುದಿಲ್ಲ. ಮೊದಲು ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆಮೇಲೆ ಟೀಮ್ ಸ್ಪಿರಿಟ್ ಬಗ್ಗೆ ತಲಾ ಒಂದು ಭಾಷಣ ಮಾಡಿದರು. ಇಬ್ಬರೂ ತಮ್ಮ ಆಳುಗಳನ್ನು ವಾಪಸ್ ಕಳಿಸುವುದೆಂದು ಒಪ್ಪಿ ಕೈ ಕುಲುಕಿದರು. ನಾನು ಟ್ರೈನಿನಲ್ಲಿ ನಿಂತಿದ್ದಾಗ ಮಧುಕರ್‌ನ ಮೆಸೇಜ್ ಬಂತು: ಅವರದ್ದು ಮಾತ್ರ ವಾಪಸ್ ಹಾಕಿ, ನನ್ನದು ಹಾಗೇ ಇರಲಿ. ಮನೆಯ ಬಾಗಿಲಿಗೆ ಕೀ ಹಾಕುವಾಗ ರಾಮಪ್ರಸಾದ್‌ ಅವರದು ಬಂತು. ಮಾತು ಅದೇ, ಕೊನೆಯಲ್ಲಿ ಕೈಮುಗಿದ ಚಿತ್ರವನ್ನೂ ಹಾಕಿದ್ದರು.

ಯಾರದನ್ನು ವಾಪಸ್ ಹಾಕಿದರೂ ಅವರ ಸಹಿ ಕೈತಪ್ಪುತ್ತಿತ್ತು. ಹಾಗಾಗಿ ಯಾರದನ್ನೂ ಹಾಕಲಿಲ್ಲ.

ಮರುದಿನ ಒಗಾವಾ-ಸಾನ್ ಬಂದು ಹಿಂದಿನ ಸಾಲಿನಲ್ಲಿ ಕೂತರು, ಕೋಟು ಬಿಚ್ಚಿ ಮಡಚಿ ತೊಡೆಯ ಮೇಲಿಟ್ಟುಕೊಂಡರು. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ. ಮಧುಕರ್ ದೊಡ್ಡ ಪರದೆಯ ಮೇಲೆ ತನ್ನ ಸೈನ್ಯವನ್ನು ನಡೆಸಿದ. ಎಂಥ ಸೈನ್ಯ, ಹೊಲಗಳೇ ಕಾಣುತ್ತಿರಲಿಲ್ಲ. ಆ ಕಡೆಯಿಂದ ರಾಮಪ್ರಸಾದ್ ಅವರದು ಅಷ್ಟೇ ದೊಡ್ಡದು ಬಂತು. ಇಷ್ಟೊಂದು ಜನ ಎಲ್ಲಿಂದ ಬಂದರು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು, ಏಕೆಂದರೆ ಇಬ್ಬರೂ ಒಟ್ಟಿಗೇ ತಿರುಗಿ ನನ್ನನ್ನು ನೋಡಿದರು. ಅಷ್ಟರಲ್ಲಿ ಗೇಮಿನಲ್ಲಿ ಶರತ್ಕಾಲ ಬಂತು. ಗಾಳಿ ಎದ್ದಿತು. ಒಂದು ಬಾಣವೂ ಹಾರುವ ಮೊದಲೇ ಬೂದು ಬಣ್ಣದ ನೀರು ಪರದೆಯ ಮೇಲಿನಿಂದ ಇಳಿದು ಕುದುರೆ, ಬಾವುಟ, ಇಟ್ಟಿಗೆ ಮನೆ ಎಲ್ಲವನ್ನೂ ಮುಚ್ಚಿತು. ಹಸುಗಳು ಸ್ವಲ್ಪ ಹೊತ್ತು ತೇಲಿದವು.

ಮೊದಲು ಬಾಯಿ ಬಿಟ್ಟವರು ರಾಮಪ್ರಸಾದ್. "ಸುಮಿಮಾಸೆನ್, ಕ್ಷಮಿಸಿ, ಒಗಾವಾ-ಸಾನ್. ಸಣ್ಣ ಬಗ್ ಅಷ್ಟೆ. ಸಮುದ್ರದ ಭಾಗ ಕಾತ್ಯಾಯಿನಿ ಅವ್ರು ಮಾಡಿರೋದು."

"ಹೌದು, ಸಮುದ್ರದಲ್ಲೇ ಪ್ರಾಬ್ಲಮ್," ಎಂದ ಮಧುಕರ್.

ಅವರಿಬ್ಬರೂ ಒಂದು ವಿಷಯದಲ್ಲಿ ಒಮ್ಮತಕ್ಕೆ ಬಂದದ್ದನ್ನು ನಾನು ಅಂದೇ ನೋಡಿದ್ದು. ಸಹಿಗಳು ಹೋದವು ಎಂದು ಆಗಲೇ ಗೊತ್ತಾಯಿತು. ಇನ್ನು ಉಳಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ಎದ್ದು ನಿಂತು, ಬಾಗಿ, ನನಗೆ ಬರುವ ಅತ್ಯಂತ ವಿನಯದ ಜಪಾನಿಯಲ್ಲಿ ಹೇಳಿದೆ: "ಇದು ಬಗ್ ಅಲ್ಲ. ಒಡ್ಡು ಕಾಯುವ ಜನರನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ತೆಗೆಸಿದರು. ಇನ್ನೊಬ್ಬರು ಕಾಯುತ್ತಾರೆ ಎಂದುಕೊಂಡರು. ಸಮುದ್ರ ಸರಿಯಾಗೇ ಕೆಲಸ ಮಾಡಿದೆ."

ಒಗಾವಾ-ಸಾನ್ ಇಬ್ಬರನ್ನೂ ನೋಡಿ, ಒಡ್ಡನ್ನು ಯಾರು ಕಾಯಬೇಕಿತ್ತು ಎಂದು ಮೆಲ್ಲಗೆ ಕೇಳಿದರು. ಮಧುಕರ್‌ನ ಕೈ ರಾಮಪ್ರಸಾದ್ ಕಡೆಗೂ, ರಾಮಪ್ರಸಾದ್ ಅವರ ಕೈ ಮಧುಕರ್ ಕಡೆಗೂ ಎದ್ದು, ಅರ್ಧ ದಾರಿಯಲ್ಲಿ ನಿಂತವು.

ಪರದೆಯ ಮೇಲೆ ನೀರು ಇಳಿದು ಕೆಸರು ಕಾಣಿಸಿತು. ಒಡೆದ ಜಾಗದಲ್ಲಿ ಒಂದು ಸಲಿಕೆ ನೆಟ್ಟಿತ್ತು. ಇದೇನು ಎಂದು ಒಗಾವಾ-ಸಾನ್ ಕೇಳಿದರು. ಆ ನಾಡಿನ ಹಳೆಯ ಕಟ್ಟಳೆ ಎಂದೆ. ತನ್ನ ಪಾಲಿನ ಒಡ್ಡನ್ನು ಉಳಿಸಿಕೊಳ್ಳಲಾಗದವನು ಅದರ ಮೇಲೆ ಸಲಿಕೆ ನೆಟ್ಟು ಹೊರಟುಬಿಡಬೇಕು. ಅದನ್ನು ಕಿತ್ತವನಿಗೆ ಅವನ ಹೊಲ ಮನೆ ಎಲ್ಲ ಸಿಗುತ್ತದೆ, ಆದರೆ ಒಡ್ಡಿನ ಹೊಣೆಯೂ ಅವನದೇ. ಒಗಾವಾ-ಸಾನ್ ಲೀಡ್‌ಗಳ ಕಡೆ ಕೈ ತೋರಿಸಿದರು, ಮುಂದುವರಿಸಿ ಎಂಬಂತೆ. ಕಿತ್ತರೆ ಸೈನ್ಯಕ್ಕೆ ಜನ ಉಳಿಯುವುದಿಲ್ಲ. ಇಬ್ಬರ ಕಂಟ್ರೋಲರ್‌ಗಳೂ ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಮಧುಕರ್ ಖಾಲಿ ಲೋಟವನ್ನು ಬಾಯಿಗಿಟ್ಟ.

ನಾನು ಹೋಗಿ ಒಂದು ಕಂಟ್ರೋಲರ್ ತೆಗೆದುಕೊಂಡೆ, ಸಲಿಕೆ ಕಿತ್ತೆ. ಆಮೇಲೆ ಆಡಿದ್ದು ಬರೀ ಮಣ್ಣು ಹೊರುವ ಆಟ. ಹುಲ್ಲು ಹಾಸು, ತುಳಿ, ಮತ್ತೆ ಹೊರು. ಒಗಾವಾ-ಸಾನ್ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ತಂದು ಕೂತರು. ಎರಡನೇ ಶರತ್ಕಾಲದಲ್ಲಿ ಒಡ್ಡು ತಡೆಯಿತು, ಮೂರನೆಯದರಲ್ಲಿ ಒಂದು ಮೂಲೆ ಕುಸಿಯಿತು. ಅವರು "ಆ" ಎಂದು ಮೊಣಕಾಲು ಹಿಡಿದುಕೊಂಡರು.

ಅವರ ತೀರ್ಮಾನ ವಾರದಲ್ಲಿ ಬಂತು. ಸಮುದ್ರದ ಕೆಲಸ ಮುಗಿಯುವವರೆಗೆ ಅದನ್ನು ಮಾಡಿದವರು ಟೋಕಿಯೋದಲ್ಲೇ ಇರಬೇಕು, ಯುದ್ಧದ ಭಾಗ ಬೆಂಗಳೂರಿಗೆ ಹೋಗಬಹುದು, ಇಲ್ಲಿಗೆ ಒಬ್ಬ ಲೀಡ್ ಸಾಕು. ಯಾರು ಎಂದು ಅವರು ಬರೆದಿರಲಿಲ್ಲ. ಅಷ್ಟು ಸಾಕಾಯಿತು. ಮಧ್ಯಾಹ್ನದೊಳಗೆ ನನ್ನ ಮುಂದುವರಿಕೆಗೆ ಇಬ್ಬರ ಸಹಿಯೂ ಬಿತ್ತು. ನೀರು ನುಗ್ಗುವ ಐಡಿಯಾ ಮೊದಲಿನಿಂದಲೂ ತಮ್ಮದೇ ಎಂದು ಇಬ್ಬರೂ ಬೆಂಗಳೂರಿಗೆ ಬರೆದದ್ದು ನನಗೆ ಆಮೇಲೆ ಗೊತ್ತಾಯಿತು. ರಾಮಪ್ರಸಾದ್ ನನಗೆ ಮೈಸೂರು ಪಾಕಿನ ಡಬ್ಬಿ ತಂದುಕೊಟ್ಟು, ಒಗಾವಾ-ಸಾನ್ ಸಿಕ್ಕಾಗ ತಮ್ಮ ಬಗ್ಗೆ ಒಂದು ಮಾತು ಹೇಳಬೇಕೆಂದರು. ಮಧುಕರ್ ಲಿಫ್ಟಿನವರೆಗೂ ಬಂದ.

"ಕಾತ್ಯಾ, ನಾವು ಒಂದೇ ಸೈಡು ಅಲ್ವಾ?"

"ಊಟದ ಡಬ್ಬಿ ನಾನು ಮನೆಯಿಂದ್ಲೇ ತರ್ತೀನಿ, ಮಧುಕರ್," ಎಂದೆ. ಲಿಫ್ಟಿನ ಬಾಗಿಲು ಮುಚ್ಚಿತು.

ಮನೆಯಲ್ಲಿ ಹಂಸಾ ನೆಲದ ಮೇಲೆ ಕಾಲು ಚಾಚಿ ಹೋಮ್‌ವರ್ಕ್ ಮಾಡುತ್ತಿದ್ದಳು. ಮಾರ್ಚ್ ಮುಗಿಯುವವರೆಗೂ ಇಲ್ಲೇ ಇರುತ್ತೇವೆ ಎಂದೆ. "ಹೊಂತೊ?" ಎಂದು ತಲೆಯೆತ್ತಿದಳು, ನಿಜವೇ ಎಂದು. ನಾನು ಹೂಂಗುಟ್ಟುವುದರೊಳಗೆ ಗೆಳತಿಗೆ ಹೇಳಲು ಫೋನಿಗೆ ಓಡಿದಳು. ನನ್ನ ಫೋನಿನಲ್ಲಿ ಇಬ್ಬರದೂ ಮೆಸೇಜ್ ಬಂದಿತ್ತು. ಅದನ್ನು ಮಗುಚಿಟ್ಟು ಅಕ್ಕಿ ತೊಳೆದೆ.