ಅರಿಶಿನ ಕೊಟ್ಟ ಬಾವಿ

ಬೇವಿನ ಹೂವು ಉದುರಿದ ಬಾವಿನೀರಿನ ವಾಸನೆ ನನಗೆ ಇನ್ನೂ ನೆನಪಿದೆ. ಚಿಕ್ಕವಳಿದ್ದಾಗ ಅಮ್ಮ ಕೊಡ ಇಳಿಸುವುದನ್ನೇ ಕಾದು ಅದರ ಬಾಯಿಗೆ ಮೂಗಿಡುತ್ತಿದ್ದೆ. ಕೊಡಿಗೇನಹಳ್ಳಿಯ ಆಚೆಗಿರುವ ನಮ್ಮೂರಿನ ಆ ಬಾವಿಯನ್ನು ಎಲ್ಲರೂ ಗಂಗಮ್ಮನ ಬಾವಿ ಎನ್ನುತ್ತೇವೆ. ಹೋದ ವರ್ಷ, ಅಂದರೆ ಎಂಬತ್ತಾರರಲ್ಲಿ, ಅದರ ನೀರು ಹಳದಿಯಾಯಿತು.

ಮೊದಲು ಕಂಡವಳು ಪಕ್ಕದ ಮನೆಯ ಈರಕ್ಕ. ಅವಳ ಸೊಸೆ ಕ್ಯಾತಮ್ಮನಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸಿರು ನಿಂತಿತ್ತು. ಮಗು ಸುಖವಾಗಿ ಹುಟ್ಟಲಿ ಎಂದು ಈರಕ್ಕ ಗಂಗಮ್ಮನಿಗೆ ಅರಿಶಿನದ ಹರಕೆ ಹೊತ್ತಿದ್ದಳು. ಈಗ ತಾಯಿಯೇ ಅರಿಶಿನ ಕೊಟ್ಟಳು ಎಂದು ಬಾವಿಕಟ್ಟೆಯ ಮೇಲೆ ಕೂತು ಸಂತೋಷಕ್ಕೆ ಅತ್ತಳು. ಊರ ಹೆಂಗಸರು ಪೂಜೆ ಮಾಡಿ ಚೊಂಬಿನಲ್ಲಿ ತೀರ್ಥ ಒಯ್ದರು. ಕ್ಯಾತಮ್ಮನಿಗಂತೂ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಲೋಟ.

ನೀರು ಘಾಟು ಹೊಡೆಯುತ್ತಿದೆ, ಆ ಹುಡುಗಿಗೆ ಕುಡಿಸಬೇಡ ಎಂದೆ.

"ಬಿ.ಎ. ಓದ್ದೋರಿಗೆ ಘಾಟು ಕಾಣ್ತದೆ, ನಮಗೆ ತಾಯಿ ಕಾಣ್ತಾಳೆ ಬುಡಕ್ಕ" ಎಂದು ಈರಕ್ಕ ನಕ್ಕಳು.

ಕ್ಯಾತಮ್ಮನಿಗೆ ವಾಂತಿ ಶುರುವಾಯಿತು. ಬಸುರಿ ಅಂದಮೇಲೆ ಇದ್ದದ್ದೇ ಎಂದು ಅತ್ತೆ ಸಂಜೆಯೂ ಒಂದು ಲೋಟ ಕೊಡತೊಡಗಿದಳು.

ಆಗಲೇ ಒಂದು ಕಾನೂನು ಕಾಲೇಜಿನ ವಿದ್ಯಾರ್ಥಿಗಳು ಊರೂರು ತಿರುಗಿ, ಜನರಿಗೆ ಕಾನೂನು ತಿಳಿಸುತ್ತಾ ನಮ್ಮಲ್ಲಿಗೆ ಬಂದರು. ಅವರಲ್ಲಿ ರೇಣುಕಯ್ಯ ಎಂಬವನಿಗೆ ಈರಕ್ಕ ತೀರ್ಥ ಕೊಟ್ಟಳು. ಅವನು ಕುಡಿಯಲಿಲ್ಲ. ಅವಳ ಎದುರಿಗೆ ಚೆಲ್ಲಲೂ ಇಲ್ಲ. ಎರಡೂ ಕೈಯಲ್ಲಿ ಹಿಡಿದು ಮೂಸಿ ನೋಡಿ, ಚೊಂಬನ್ನು ಬಾವಿಕಟ್ಟೆಯ ಮೇಲೆ ಮೆಲ್ಲಗಿಟ್ಟ. ಆಮೇಲೆ ಬಾವಿಯ ಪಕ್ಕದ ಹಳೇ ಕಾಲುವೆ ಹಿಡಿದು ಗೆಳೆಯರ ಜೊತೆ ಮೇಲಕ್ಕೆ ಹೋದ.

ಸಂಜೆ ಬಂದವನು ಹೇಳಿದ, "ಅಜ್ಜಿ, ಆ ನೀರು ಯಾರಿಗೂ ಕೊಡಬೇಡಿ. ಈಗ ಹೇಳಿದರೆ ನೀವು ನಂಬಲ್ಲ. ನಾಳೆ ನಾಡಿದ್ದರಲ್ಲಿ ಈ ಬಾವಿ ಕುಂಕುಮಾನೂ ಕೊಡ್ತದೆ, ನೋಡ್ತಿರಿ."

ಈರಕ್ಕ ಕೇಳಿಸಿಕೊಂಡದ್ದು ಕುಂಕುಮವೊಂದನ್ನೇ.

ಎರಡೇ ದಿನಕ್ಕೆ ನೀರು ಕೆಂಪಾಯಿತು. ಈರಕ್ಕ ಹೋಗಿ, ಇನ್ನೂ ಊರಲ್ಲೇ ತಂಗಿದ್ದ ಆ ಹುಡುಗನ ಕಾಲಿಗೇ ಬಿದ್ದಳು. "ನಿನ್ನ ನಾಲಿಗೆ ಮ್ಯಾಲೆ ತಾಯಿ ಕುಂತವ್ಳೆ ಕಣಪ್ಪ" ಎಂದಳು. ಅವನು ಗಾಬರಿಯಿಂದ ಅವಳನ್ನು ಎತ್ತಿ ನಿಲ್ಲಿಸಿದ.

"ಕುಂಕುಮ ಎಲ್ಲಿಂದ ಬಂತು ಅಂತ ತೋರಿಸ್ತೀನಿ, ಬನ್ನಿ ಅಜ್ಜಿ."

ನಾನೂ ಹೋದೆ. ಹಿಂದೂಪುರದ ರಸ್ತೆ ಪಕ್ಕ ನೂಲಿಗೆ ಬಣ್ಣ ಹಾಕುವ ಹೊಸ ಶೆಡ್ಡು ಎದ್ದಿತ್ತು. ಗಳುವಿನ ಮೇಲೆ ಕೆಂಪು ನೂಲು ನೇತುಹಾಕಿದ್ದರು. ಆಚೆ ಹಳದಿ ನೂಲನ್ನು ಗಂಟು ಕಟ್ಟಿಟ್ಟಿದ್ದರು. ಒಬ್ಬ ಆಳು ಡ್ರಮ್ಮು ವಾಲಿಸಿ ಬಣ್ಣದ ನೀರನ್ನು ಕಾಲುವೆಗೆ ಬಿಡುತ್ತಿದ್ದ. ಆ ನೀರೇ ಕೆಳಗೆ ಹರಿದು ಬಾವಿಯ ಬಿರುಕುಬಿಟ್ಟ ಕಲ್ಲುಗಳ ನಡುವೆ ಇಳಿಯುತ್ತಿದೆ ಎಂದು ಆಗ ಗೊತ್ತಾಯಿತು. ನಾವು ನಿಂತು ನೋಡುವುದನ್ನು ಕಂಡು ಆಳು ನಗುತ್ತಾ ಹೇಳಿದ, "ಬರೋ ವಾರ ಹಸಿರು ಕಣಮ್ಮ."

ಈರಕ್ಕ ಬಗ್ಗಿ ಕಾಲುವೆಯ ನೀರಿಗೆ ಕೈ ಅದ್ದಿದಳು. ಆಮೇಲೆ ತನ್ನ ಅಂಗೈಯನ್ನೇ ನೋಡುತ್ತಾ ಅಂದಳು, "ಈ ಕೈಯಾಗೇ ಕುಡ್ಸಿದ್ನಲ್ಲ."

ಮೊದಲ ಬಸ್ಸಿಗೆ ಕ್ಯಾತಮ್ಮನನ್ನು ಮಧುಗಿರಿಯ ಆಸ್ಪತ್ರೆಗೆ ಕರೆದೊಯ್ದೆವು. ಕಂಡಕ್ಟರ್ ಕೇಳದೆಯೇ ಮುಂದಿನ ಸೀಟು ಬಿಡಿಸಿಕೊಟ್ಟ. ಡಾಕ್ಟರು ಆ ನೀರನ್ನು ಇನ್ನು ತುಟಿಗೂ ತಾಗಿಸಬೇಡಿ ಎಂದು ಗದರಿ ಅವಳನ್ನು ಅಲ್ಲೇ ಉಳಿಸಿಕೊಂಡರು. ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದರು.

ದೂರು ಕೊಡೋಣ ಎಂದು ರೇಣುಕಯ್ಯ ಹೇಳಿದಾಗ ಈರಕ್ಕ ಹಿಂಜರಿದಳು. ಶೆಡ್ಡಿನ ಯಜಮಾನ ದೊಡ್ಡವನು. ಕೋರ್ಟು ಹತ್ತಿದವರು ಮನೆ ಮಾರಿಕೊಂಡದ್ದನ್ನು ಅವಳು ನೋಡಿದ್ದಳು. ವಕೀಲರು ಬೇಕಿಲ್ಲ, ಬಿಳಿ ಹಾಳೆಯ ಮೇಲೆ ಬರೆದು ಮಧುಗಿರಿಯ ಅಸಿಸ್ಟೆಂಟ್ ಕಮಿಷನರ್ ಸಾಹೇಬರ ಕಚೇರಿಗೆ ಕೊಟ್ಟರೆ ಸಾಕು ಎಂದು ಅವನು ಬಿಡಿಸಿ ಹೇಳಿದ. ಊರಿನವರೆಲ್ಲ ಬಳಸುವ ನೀರು ಕೆಟ್ಟರೆ ತಡೆಯುವ ಅಧಿಕಾರ ಅವರಿಗೆ ಇದೆಯಂತೆ. ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಯ ನೂರಾ ಮೂವತ್ತಮೂರನೆಯ ಕಲಮಿನಲ್ಲಿ ಹಾಗೆಂದು ಬರೆದಿದೆಯಂತೆ.

"ಇದು ನಿಮ್ಮೊಬ್ಬರ ಜಗಳ ಅಲ್ಲ ಅಜ್ಜಿ, ಊರಿನ ದೂರು."

ಈರಕ್ಕ ಹೆಬ್ಬೆಟ್ಟು ಒತ್ತಿದಳು. ಸಾಹೇಬರ ಮುಂದೆ ಅವಳು ಆಡಿದ್ದು ಒಂದೇ ಮಾತು. "ನಮ್ಮ ತಾಯಿ ಮೈಗೆ ಬಣ್ಣ ಬಳುದವ್ರೆ ಸ್ವಾಮಿ. ಅವಳೇ ಕೊಟ್ಲು ಅಂತ ನಾವು ಕುಡುದ್ವಿ."

ಸಾಹೇಬರು ಸ್ವತಃ ಬಂದು ನೋಡಿ, ಕಾಲುವೆಗೆ ಬಣ್ಣದ ನೀರು ಬಿಡಕೂಡದೆಂದು ಆಜ್ಞೆ ಮಾಡಿದರು. ಬಾವಿಯನ್ನು ಮತ್ತೆ ಮತ್ತೆ ಬತ್ತಿಸಿದೆವು. ಆದರೂ ಅದರ ನೀರನ್ನು ಇನ್ನೂ ಯಾರೂ ಕುಡಿಯುವುದಿಲ್ಲ, ಪರೀಕ್ಷೆಯ ವರದಿಗೆ ಕಾಯುತ್ತಿದ್ದೇವೆ. ಕ್ಯಾತಮ್ಮನಿಗೆ ಹೆಣ್ಣುಮಗು ಹುಟ್ಟಿತು. ತೂಕ ಕಡಿಮೆ, ಆದರೆ ಅತ್ತರೆ ಬೀದಿಗೆಲ್ಲ ಕೇಳುತ್ತದೆ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮೂರಿನ ಬಾವಿ, ಕೆರೆಯ ನೀರು ಬಣ್ಣ ತಿರುಗಿದರೆ, ವಾಸನೆ ಬಂದರೆ, ಕೈಮುಗಿಯುವ ಮೊದಲು ಕಾಲುವೆ ಹಿಡಿದು ಮೇಲಕ್ಕೆ ಹೋಗಿ ನೋಡಿ. ಮಕ್ಕಳಿಗೆ, ಬಸುರಿಯರಿಗೆ ಒಂದು ಗುಟುಕೂ ಕೊಡಬೇಡಿ. ಎಲ್ಲರೂ ಸೇರಿ ದೂರು ಬರೆಯಿರಿ. ಬರೆಯಲು ಬಾರದಿದ್ದರೆ ಕಾಲೇಜಿನ ಮಕ್ಕಳನ್ನು ಕರೆಯಿರಿ, ಅವರು ಬರುತ್ತಾರೆ.

ಇದನ್ನು ಬರೆಯುವ ಹೊತ್ತಿಗೆ ರೇಣುಕಯ್ಯ ನೀರಿನ ವಿಚಾರ ತಿಳಿಯಲು ಮತ್ತೆ ಬಂದಿದ್ದಾನೆ. ಬೆಳಿಗ್ಗೆಯಿಂದ ಏನೂ ತಿಂದಂತಿಲ್ಲ. ಈರಕ್ಕ ಒಳಗಿನಿಂದ ಬಿಸಿ ಮುದ್ದೆ, ಹುರುಳಿ ಸಾರಿನ ತಟ್ಟೆ ತಂದು ಅವನ ಕೈಗೆ ಕೊಟ್ಟಳು.