ಸತುರ್ನಿನಾಳ ಸಾರಿಗೆ ಉಪ್ಪು

ಉಪ್ಪಿನ ಬಯಲಿನ ಅಂಚಿನಲ್ಲಿರುವ ನಮ್ಮೂರಲ್ಲಿ ಮನೆಯ ಗೋಡೆಯೂ ಉಪ್ಪಿನ ಇಟ್ಟಿಗೆಯದೇ. ಅಂಥ ಊರಲ್ಲಿ ಪಕ್ಕದ ಮನೆಯ ಸತುರ್ನಿನಾ ಹತ್ತು ದಿನದಿಂದ ಉಪ್ಪಿಲ್ಲದ ಸಾರು ಕುಡಿಯುತ್ತಿದ್ದಳು!

ಅದು ಅವಳ ಅತ್ತೆ ಕಸಿಮಿರಾ ಹಾಕಿದ ಪಥ್ಯ. ಹೋದ ವರ್ಷ ಸತುರ್ನಿನಾ ವಾರಗಟ್ಟಲೆ ನಿದ್ದೆಯಿಲ್ಲದೆ ಕುಣಿದಾಡಿ, ಆಮೇಲೆ ಮೂರು ತಿಂಗಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಮನಸ್ಸಿನ ಈ ಏರಿಳಿತದ ಕಾಯಿಲೆಗೆ ಡಾಕ್ಟರು ಕೊಟ್ಟ ಕಡಿಮೆ ಪ್ರಮಾಣದ ಲಿಥಿಯಂ ಗುಳಿಗೆಯಿಂದ ಮೊದಲಿನಂತಾದಳು. ಕೊಡಲಿ ಹಿಡಿದು ನಮ್ಮ ಜೊತೆ ಉಪ್ಪು ಕಡಿಯಲು ಬಂದ ದಿನ ನನಗೆ ಕಣ್ಣೀರೇ ಬಂತು.

ಈಗ ನೋಡಿದರೆ ಕೈ ಗಡಗಡ, ನಡೆದರೆ ತೂರಾಟ, ಬೆಳಿಗ್ಗೆಯಿಂದ ಮೂರು ಸಲ ವಾಂತಿ. ನಾನು ಓಡಿಹೋಗಿ ನರ್ಸ್ ಯೋವಾನಾಳನ್ನು ಕರೆತಂದೆ.

"ಆ ಗುಳಿಗೆನ ಒಲೆಗೆ ಹಾಕ್ತೀನಿ!" ಕಸಿಮಿರಾ ಗುಡುಗಿದಳು.

"ತಡೀರಿ ಅಜ್ಜಿ. ಊಟಕ್ಕೆ ಏನು ಕೊಡ್ತಿದ್ದೀರಿ?" ಯೋವಾನಾ ಕೇಳಿದಳು.

"ಲಿಥಿಯಂ ಬರೋದು ನಮ್ಮ ಬಯಲಿನ ಉಪ್ಪುನೀರಿಂದ್ಲೇ ತಾನೆ? ಉಪ್ಪಿನ ಮೇಲೆ ಉಪ್ಪು ಯಾಕೆ ಅಂತ ಅಡುಗೆ ಉಪ್ಪು ನಿಲ್ಲಿಸ್ದೆ. ಪದೇ ಪದೇ ಒಂದಕ್ಕೆ ಓಡ್ತಾಳೆ ಅಂತ ನೀರೂ ಕಮ್ಮಿ ಕೊಟ್ಟೆ."

ಯೋವಾನಾ ಹಣೆ ಚಚ್ಚಿಕೊಂಡಳು. "ಅಲ್ಲೇ ಆಗಿದ್ದು ಎಡವಟ್ಟು! ಉಪ್ಪು, ನೀರು ಕಮ್ಮಿ ಆದ್ರೆ ಲಿಥಿಯಂ ಮೈಯಿಂದ ಹೊರಗೆ ಹೋಗಲ್ಲ, ರಕ್ತದಲ್ಲಿ ಏರುತ್ತೆ. ಈ ಗುಳಿಗೆ ತಗೊಂಡ್ರೆ ಚೂರು ಕೈನಡುಕ, ಬಾಯಾರಿಕೆ ಇರಬಹುದು, ಡಾಕ್ಟರಿಗೆ ಹೇಳಿದ್ರಾಯ್ತು. ಆದ್ರೆ ವಾಂತಿ, ತೂರಾಟ ಅಪಾಯ. ಮುಂದಿನ ಗುಳಿಗೆ ಬೇಡ, ಈಗಲೇ ಆಸ್ಪತ್ರೆಗೆ ನಡೀರಿ."

"ಸೊಂಟನೋವು ಅಂದ್ಲು, ನನ್ನ ನೋವಿನ ಗುಳಿಗೇನೂ ಕೊಟ್ಟಿದ್ದೆ..." ಕಸಿಮಿರಾಳ ದನಿ ಇಳಿಯಿತು.

"ಅಯ್ಯೋ ಅಜ್ಜಿ, ಕೇಳದೆ ಅದನ್ನೂ ಕೊಡಬಾರದು! ಅದೂ ಲಿಥಿಯಂ ಏರಿಸುತ್ತೆ."

ರಕ್ತ ಪರೀಕ್ಷೆಯಲ್ಲಿ ಲಿಥಿಯಂ ಏರಿತ್ತು. ನಾಲ್ಕು ದಿನ ಆಸ್ಪತ್ರೆಯಲ್ಲಿಟ್ಟು ನೋಡಿಕೊಂಡರು. ಅದು ಇಳಿದು ಮೈ ಸುಧಾರಿಸಿದ ಮೇಲೆ ಡಾಕ್ಟರೇ ಮತ್ತೆ ಗುಳಿಗೆ ಶುರುಮಾಡಿದರು.

"ಮತ್ತೆ ಅದೇನಾ?" ಕಸಿಮಿರಾಗೆ ಅನುಮಾನ.

"ಅತ್ತೆ, ಅದನ್ನ ಬಿಟ್ರೆ ನಾನು ಪುನಃ ಆ ಹಾಸಿಗೆಗೇ. ನನಗೆ ಹೆದರಿಕೆ ಇರೋದು ಅದರದ್ದು," ಎಂದಳು ಸತುರ್ನಿನಾ.

ಕಸಿಮಿರಾ ಮನೆಗೆ ಬಂದವಳೇ ಸೊಸೆಯ ಸಾರಿಗೆ ಬೊಗಸೆ ತುಂಬ ಉಪ್ಪು ಎತ್ತಿದಳು. ಸತುರ್ನಿನಾ ಆ ಕೈ ಹಿಡಿದುಕೊಂಡು ನಕ್ಕಳು.

"ಅತ್ತೆ, ಎಂದಿನಷ್ಟೇ! ಜಾಸ್ತಿ ಆದ್ರೆ ಗುಳಿಗೆ ಕೆಲಸ ಮಾಡಲ್ಲ!"

ಅತ್ತೆಯನ್ನು ತಡೆದ ಅವಳ ಕೈ ಆಗ ಕೊಂಚವೂ ನಡುಗುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಯಾರಾದರೂ ಈ ಗುಳಿಗೆ ನುಂಗುತ್ತಿದ್ದರೆ ಉಪ್ಪು, ನೀರು ಎಂದಿನಂತೆಯೇ ಇರಲಿ. ರಕ್ತ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ತಪ್ಪಿಸಬೇಡಿ. ಬಸುರಿಯಾದರೆ ಮೊದಲು ಡಾಕ್ಟರಿಗೆ ಹೇಳಿ. ಅನುಮಾನ ಬಂದರೆ ನರ್ಸಮ್ಮನ ಬಾಗಿಲು ತಟ್ಟಿ, ಪಥ್ಯ ಮಾತ್ರ ನೀವೇ ಹಾಕಬೇಡಿ!